ಸಮುದ್ರ ಹಿಂದೆ ಸರಿದ ಊರುಗಳಲ್ಲಿ ರಜೆ

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಸಮುದ್ರದೊಳಕ್ಕೆ ಉಬ್ಬಿಕೊಂಡಿರುವ ನಾರ್ಫೋಕ್ ಕೌಂಟಿಗೆ ಉತ್ತರ ದಿಕ್ಕಿಗೆ ಮುಖ ಮಾಡಿದ ಕರಾವಳಿಯೊಂದಿದೆ. ಹನ್‌ಸ್ಟಂಟನ್‌ನಿಂದ ಕ್ರೋಮರ್‌ವರೆಗೆ ಅದರ ಉದ್ದಕ್ಕೂ ಎ149 ಎಂಬ ಇಕ್ಕಟ್ಟಾದ ರಸ್ತೆ ಊರುಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ಆ ರಸ್ತೆಯ ಒಂದು ಮಗ್ಗುಲಿಗೆ ಬಾರ್ಲಿ ಮತ್ತು ಸಕ್ಕರೆ ಬೀಟ್ ಬೆಳೆಯುವ ಹೊಲಗಳಿವೆ. ಇನ್ನೊಂದು ಮಗ್ಗುಲಿಗೆ, ಸಮುದ್ರ ಇರಬೇಕೆಂದು ನಾವು ನಿರೀಕ್ಷಿಸುವ ಜಾಗದಲ್ಲಿ, ಹಸಿರು ಕಂದು ಬೂದು ಬಣ್ಣಗಳು ಬೆರೆತ ಉಪ್ಪುಜೌಗಿನ ಬಯಲು ಹರಡಿಕೊಂಡಿದೆ. ವೆಲ್ಸ್, ಸ್ಟಿಫ್ಕಿ, ಮಾರ್ಸ್ಟನ್, ಬ್ಲೇಕ್ನಿ, ಕ್ಲೈ, ಸಾಲ್ಟ್‌ಹೌಸ್ ಎಂಬ ಪುಟ್ಟ ಊರುಗಳು ಈ ರಸ್ತೆಯ ಮೇಲೆ ಒಂದಾದ ಮೇಲೊಂದು ಬರುತ್ತವೆ.

ಲೆಸ್ಟರ್‌ನಲ್ಲಿ ನೆಲೆಸಿರುವ ನಮ್ಮ ಕುಟುಂಬ ಈ ಊರುಗಳಿಗೆ ರಜೆ ಕಳೆಯಲು ಹೋಗಲಾರಂಭಿಸಿ ಕೆಲವು ವರ್ಷಗಳಾದವು. ಅಲ್ಲಿ ನೋಡುವಂಥದ್ದು ಏನಿದೆ ಎಂದು ಇಲ್ಲಿನ ಕನ್ನಡದ ಗೆಳೆಯರು ಕೇಳಿದಾಗ ಪಟ್ಟಿ ಕೊಡುವುದು ಕಷ್ಟವಾಗುತ್ತದೆ. ಜಲಪಾತವಿಲ್ಲ, ಸರೋವರವಿಲ್ಲ, ಬೆಟ್ಟವಂತೂ ಇಲ್ಲವೇ ಇಲ್ಲ. ಇರುವುದು ಪ್ರಶಾಂತತೆ. ಅದು ನಿಸರ್ಗ ತಾನಾಗಿ ಕೊಟ್ಟ ವರ ಎಂಬಂತೆ ಪ್ರವಾಸಿ ಕೈಪಿಡಿಗಳು ವರ್ಣಿಸುತ್ತವೆ. ನನಗೆ ಈ ವರ್ಣನೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೂಳು ತುಂಬಿದ ಬಂದರು, ಕಿತ್ತುಹಾಕಿದ ರೈಲುಹಳಿ, ನೂರು ವರ್ಷಗಳ ಹಿಂದೆ ಕೆಲವರು ಹಣ ಕೂಡಿಸಿ ಕೊಂಡುಕೊಂಡ ಜೌಗುನೆಲ, ಊರಿನವರ ಕೈಗೆ ಎಟುಕದಷ್ಟು ಏರಿಹೋದ ಮನೆಗಳ ಬೆಲೆ, ಇಷ್ಟೂ ಸೇರಿ ಅಲ್ಲಿನ ಪ್ರಶಾಂತತೆ ಉಂಟಾಗಿದೆ ಎಂಬುದು ಹೋಗಿ ಬಂದು ನನಗೆ ಮನವರಿಕೆಯಾದ ಸಂಗತಿ.

ಮೊದಲು ಕಾಟೇಜ್ ರಜೆಯ ಕ್ರಮವನ್ನು ಹೇಳಬೇಕು. ಹೋಟೆಲಿನಂತೆ ದಿನದ ಲೆಕ್ಕದಲ್ಲಿ ಕೋಣೆ ಹಿಡಿಯುವ ಪದ್ಧತಿ ಇಲ್ಲಿ ಕಡಿಮೆ. ಬೇಸಿಗೆಯ ತಿಂಗಳುಗಳಲ್ಲಿ ಬಹುಪಾಲು ಮಾಲೀಕರು ಇಡೀ ಮನೆಯನ್ನು ವಾರದ ಲೆಕ್ಕದಲ್ಲೇ ಬಾಡಿಗೆಗೆ ಕೊಡುತ್ತಾರೆ. ಶುಕ್ರವಾರವೋ ಶನಿವಾರವೋ ಸಂಜೆ ನಾಲ್ಕು ಗಂಟೆಗೆ ಒಳಗೆ ಹೋದರೆ, ಮುಂದಿನ ವಾರ ಅದೇ ದಿನ ಬೆಳಗ್ಗೆ ಹತ್ತಕ್ಕೆ ಬಿಡಬೇಕು. ಮಾಲೀಕರ ಮುಖವನ್ನು ನೋಡುವ ಪ್ರಸಂಗವೇ ಬರುವುದಿಲ್ಲ. ಬಾಗಿಲ ಪಕ್ಕದ ಗೋಡೆಗೆ ಜಡಿದ ಸಣ್ಣ ಪೆಟ್ಟಿಗೆಯ ಗುಂಡಿಗಳನ್ನು ಸರಿಯಾದ ಅಂಕಿಗೆ ಒತ್ತಿದರೆ ಬೀಗದ ಕೈ ಸಿಗುತ್ತದೆ. ಒಳಗೆ ಅಡುಗೆಮನೆಯ ಮೇಜಿನ ಮೇಲೆ ಬ್ರೆಡ್, ಬೆಣ್ಣೆ, ಒಂದು ಕೇಕ್, ಫ್ರಿಜ್ಜಿನಲ್ಲಿ ಹಾಲು, ಜೊತೆಗೆ ಒಂದು ದಪ್ಪ ಫೈಲು. ಬಾಯ್ಲರ್ ಹೊತ್ತಿಸುವುದು ಹೇಗೆ, ಯಾವ ಬಣ್ಣದ ಕಸದ ಡಬ್ಬಿಯನ್ನು ಯಾವ ದಿನ ಹೊರಗಿಡಬೇಕು, ಸೌದೆ ಒಲೆಗೆ ಎಂಥ ಕಟ್ಟಿಗೆ ಹಾಕಬಾರದು ಎಂಬುದೆಲ್ಲ ಅದರಲ್ಲಿರುತ್ತದೆ. ಕನ್ನಡದ ಮನೆಗಳಿಗೆ ಬೇಕಾದ ಒಂದೇ ಒಂದು ಸೂಚನೆ ಮಾತ್ರ ಯಾವ ಫೈಲಿನಲ್ಲೂ ಇರುವುದಿಲ್ಲ: ಹಳೆಯ ಕಾಟೇಜುಗಳ ಮಾಡು ತಗ್ಗು, ಅಡುಗೆಮನೆ ಚಿಕ್ಕದು, ಹೊಗೆಯ ಅಲಾರಂ ಬಲು ಸೂಕ್ಷ್ಮ, ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೆ ಅದು ಬೀದಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತದೆ. ನಾವು ವಾರಕ್ಕೆ ಸಾಲುವಷ್ಟು ಒಗ್ಗರಣೆಯನ್ನು ಲೆಸ್ಟರ್‌ನಲ್ಲೇ ಮಾಡಿ ಬಾಟಲಿಗೆ ತುಂಬಿಕೊಂಡು ಹೋಗುತ್ತೇವೆ.

ಈ ಊರುಗಳ ಗೋಡೆಗಳನ್ನು ಹತ್ತಿರ ನಿಂತು ನೋಡುವುದಕ್ಕೆ ಒಂದು ಬೆಳಗ್ಗೆಯನ್ನು ಎತ್ತಿಡಬಹುದು. ನಾರ್ಫೋಕ್‌ನಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಸಿಗುವುದು ಅಪರೂಪ. ನೆಲದಡಿ ಇರುವುದು ಸುಣ್ಣದಂಥ ಚಾಕ್, ಅದರ ಪದರಗಳಲ್ಲಿ ಹುದುಗಿರುವುದು ಫ್ಲಿಂಟ್, ಅಂದರೆ ನಮ್ಮ ಚಕಮಕಿ ಕಲ್ಲು. ಕಡಲತೀರದಲ್ಲಿ ಅಲೆಗಳು ಉರುಳಿಸಿ ನುಣುಪಾಗಿಸಿದ ಮೊಟ್ಟೆ ಗಾತ್ರದ ಕಲ್ಲುಗಳನ್ನು ಗಾರೆಯಲ್ಲಿ ಸಾಲಾಗಿ ಕೂರಿಸಿ ಗೋಡೆ ಎಬ್ಬಿಸಿದ್ದಾರೆ. ಕೆಲವು ಕಡೆ ಕಲ್ಲನ್ನು ಒಡೆದು, ಒಳಗಿನ ಗಾಜಿನಂತೆ ಹೊಳೆಯುವ ಕಪ್ಪು ಮುಖವನ್ನು ಹೊರಗೆ ಕಾಣುವಂತೆ ಇಟ್ಟಿದ್ದಾರೆ. ಆ ಕಪ್ಪಿನ ಸುತ್ತ ಚಾಕ್‌ನ ಬಿಳಿ ಅಂಚು ಉಳಿದಿರುತ್ತದೆ. ಉರುಟು ಕಲ್ಲಿನಿಂದ ನೇರವಾದ ಮೂಲೆ ಕಟ್ಟಲು ಬರುವುದಿಲ್ಲವಾದ್ದರಿಂದ ಮನೆಯ ಮೂಲೆಗಳು, ಕಿಟಕಿ ಬಾಗಿಲುಗಳ ಅಂಚುಗಳೆಲ್ಲ ಕೆಂಪು ಇಟ್ಟಿಗೆಯವು. ನಾರ್ಫೋಕ್‌ನ ನೂರಕ್ಕೂ ಹೆಚ್ಚು ಹಳೆಯ ಚರ್ಚುಗಳಿಗೆ ದುಂಡನೆಯ ಗೋಪುರವಿರುವುದಕ್ಕೆ ಈ ಮೂಲೆಗಲ್ಲಿನ ಅಭಾವವೇ ಕಾರಣ ಎಂದು ಹಲವರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ. ಛಾವಣಿಗೆ ಬಳುಕಿನ ಕೆಂಪು ಹೆಂಚು. ಈ ಬಗೆಯ ಹೆಂಚು ಮೊದಲು ಬಂದದ್ದು ಸಮುದ್ರದಾಚೆಯ ನೆದರ್‌ಲ್ಯಾಂಡ್ಸ್‌ನಿಂದ, ಹಡಗಿನಲ್ಲಿ.

ಹಡಗು ಎಂದಾಗ ಬಂದರಿನ ಕಥೆ ಬರುತ್ತದೆ. ಗ್ಲೇವನ್ ಎಂಬ ಸಣ್ಣ ನದಿ ಸಮುದ್ರ ಸೇರುವ ಕಡೆ ಮಧ್ಯಯುಗದಲ್ಲಿ ಕ್ಲೈ, ವಿವ್ಟನ್, ಬ್ಲೇಕ್ನಿ ಎಂಬ ಮೂರು ಬಂದರುಗಳಿದ್ದವು. ಇಲ್ಲಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಇಲ್ಲಿನ ಮೀನುಗಾರರು ಕಾಡ್ ಮೀನಿಗಾಗಿ ಐಸ್‌ಲ್ಯಾಂಡ್‌ವರೆಗೂ ಹೋಗಿಬರುತ್ತಿದ್ದರು. ಇವತ್ತು ವಿವ್ಟನ್‌ನ ಹಳೆಯ ಕಲ್ಲುಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಹರಿಯುವುದು ಪ್ಯಾಂಟು ಮಡಚಿಕೊಂಡು ದಾಟಬಹುದಾದಷ್ಟು ನೀರು. ಕ್ಲೈ ಊರಿನ ಸೇಂಟ್ ಮಾರ್ಗರೆಟ್ ಚರ್ಚು ಈಗಿನ ಜನಸಂಖ್ಯೆಗೆ ಅತಿಯೆನಿಸುವಷ್ಟು ದೊಡ್ಡದು, ಅದರ ಎರಡು ಪಾರ್ಶ್ವಗಳು ಛಾವಣಿಯಿಲ್ಲದೆ ಪಾಳುಬಿದ್ದಿವೆ. ಚರ್ಚಿನ ಕೆಳಗಿನ ಹುಲ್ಲುಬಯಲಿನ ಪಕ್ಕದಲ್ಲೇ ಒಂದು ಕಾಲಕ್ಕೆ ಹಡಗುಗಳು ನಿಲ್ಲುತ್ತಿದ್ದವು. ಅಲ್ಲಿಂದ ಈಗ ಸಮುದ್ರ ಒಂದು ಮೈಲಿಗೂ ಹೆಚ್ಚು ದೂರ. ಬ್ಲೇಕ್ನಿ ಚರ್ಚಿಗೆ ಎರಡು ಗೋಪುರಗಳಿವೆ, ಅವುಗಳಲ್ಲಿ ಸಣಕಲಾದದ್ದು ಹಡಗುಗಳಿಗೆ ದಾರಿ ತೋರುವ ದೀಪಕ್ಕಾಗಿ ಕಟ್ಟಿದ್ದು ಎಂಬುದು ಊರಿನ ನಂಬಿಕೆ. ಒಳಗಿನ ಕಂಬಗಳನ್ನು ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿದರೆ, ಯಾರೋ ಚೂಪಾದ ಮೊನೆಯಿಂದ ಗೀರಿದ ಪುಟ್ಟ ಪುಟ್ಟ ಹಡಗುಗಳು ಪಟಸ್ತಂಭ, ಹಗ್ಗಗಳ ಸಮೇತ ಕಾಣುತ್ತವೆ. ಸಮುದ್ರಕ್ಕೆ ಹೋದವರಿಗಾಗಿ ಹೊತ್ತ ಹರಕೆಯೋ, ಬೇಸರ ಕಳೆಯಲು ಮಾಡಿದ್ದೋ, ಬಲ್ಲವರು ಯಾರು.

ಬಂದರುಗಳು ಸತ್ತದ್ದು ಒಂದೇ ಏಟಿಗಲ್ಲ. 17ನೆಯ ಶತಮಾನದಿಂದೀಚೆಗೆ ಜಮೀನುದಾರರು ಉಪ್ಪುಜೌಗಿಗೆ ಒಡ್ಡು ಹಾಕಿ ಅದನ್ನು ದನಗಳ ಹುಲ್ಲುಗಾವಲಾಗಿ ಮಾಡಿಕೊಳ್ಳತೊಡಗಿದರು. ಉಬ್ಬರದಲ್ಲಿ ಜೌಗಿನ ತುಂಬ ಹರಡಿಕೊಂಡ ನೀರು ಇಳಿತದಲ್ಲಿ ರಭಸದಿಂದ ಹಿಂದಿರುಗುವಾಗ ನದಿಯ ಕಾಲುವೆಯ ಹೂಳನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಜೌಗಿಗೆ ಒಡ್ಡು ಬಿದ್ದಾಗ ಒಳಬರುವ ನೀರೇ ಕಡಿಮೆಯಾಯಿತು, ಹಿಂದಿರುಗುವ ರಭಸವೂ ಕುಂದಿತು, ಹೂಳು ನಿಂತಿತು. ವ್ಯಾಪಾರಿಗಳು ದೂರಿಕೊಂಡರು, ವ್ಯಾಜ್ಯಗಳು ನಡೆದವು, ಆದರೂ ಹಡಗುಗಳು ದೊಡ್ಡದಾಗುತ್ತ ಹೋದಂತೆ ಕಾಲುವೆಗಳು ಚಿಕ್ಕದಾಗುತ್ತ ಹೋದವು. ಆಮೇಲೆ ರೈಲು ಬಂತು. 1857ರಲ್ಲಿ ವೆಲ್ಸ್‌ವರೆಗೆ ಬಂದ ರೈಲು 1964ರಲ್ಲಿ ಪ್ರಯಾಣಿಕರ ಪಾಲಿಗೆ ನಿಂತುಹೋಯಿತು. ಈಗ ಈ ಕರಾವಳಿಯಲ್ಲಿ ರಾಷ್ಟ್ರೀಯ ರೈಲುಜಾಲಕ್ಕೆ ಸೇರಿದ ಹಳಿ ಉಳಿದಿರುವುದು ಪೂರ್ವದ ಕ್ರೋಮರ್ ಮತ್ತು ಶೆರಿಂಗಮ್‌ಗಳಲ್ಲಿ ಮಾತ್ರ. ರೈಲು ಓಡುತ್ತಲೇ ಇದ್ದಿದ್ದರೆ ವೆಲ್ಸ್ ಇವತ್ತು ಎಂಥ ಊರಾಗಿರುತ್ತಿತ್ತು ಎಂದು ಯೋಚಿಸಿದಾಗ, ಊರಿಗೆ ನಷ್ಟವಾದದ್ದು ನಮ್ಮ ರಜೆಗೆ ಲಾಭವಾಗಿದೆ ಎಂಬ ಇರಿಸುಮುರಿಸು ನನ್ನನ್ನು ಬಿಡುವುದಿಲ್ಲ.

ಹೀಗೆ ಬರಿದಾದ ತೀರವನ್ನು ಕಾಪಾಡಬೇಕು ಎಂದು ಕೆಲವರಿಗೆ ಬಹಳ ಬೇಗ ಹೊಳೆಯಿತು. ಬ್ಲೇಕ್ನಿ ಪಾಯಿಂಟ್ ಎಂಬ, ಸಮುದ್ರದೊಳಕ್ಕೆ ನಾಲ್ಕು ಮೈಲಿ ಚಾಚಿದ ಉರುಟುಗಲ್ಲು ಮತ್ತು ಮರಳಿನ ನಾಲಿಗೆ 1912ರಲ್ಲಿ, ಪಾರಂಪರಿಕ ಕಟ್ಟಡಗಳನ್ನೂ ನಿಸರ್ಗ ತಾಣಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಬಂತು. 1926ರಲ್ಲಿ ಡಾ. ಸಿಡ್ನಿ ಲಾಂಗ್ ಮತ್ತು ಅವರ ಜೊತೆಗಾರರು ಕ್ಲೈ ಜೌಗನ್ನು ಕೊಂಡು, ಅದನ್ನು ಹಕ್ಕಿಗಳಿಗಾಗಿ ಶಾಶ್ವತವಾಗಿ ಉಳಿಸಲು ಒಂದು ಸಂಸ್ಥೆಯನ್ನು ಕಟ್ಟಿದರು. ಇವತ್ತು ಬ್ರಿಟನ್ನಿನ ಉದ್ದಗಲಕ್ಕೂ ಇರುವ ವನ್ಯಜೀವಿ ಟ್ರಸ್ಟ್‌ಗಳಲ್ಲಿ ಮೊದಲನೆಯದು ಅದೇ, ನಾರ್ಫೋಕ್ ವೈಲ್ಡ್‌ಲೈಫ್ ಟ್ರಸ್ಟ್. 1968ರಲ್ಲಿ ಈ ಕರಾವಳಿಯ ಬಹುಭಾಗಕ್ಕೆ ವಿಶೇಷ ನಿಸರ್ಗ ಸೌಂದರ್ಯದ ಪ್ರದೇಶವೆಂಬ ರಕ್ಷಣೆ ಸಿಕ್ಕಿತು. ಜೌಗಿನ ಮೇಲೆ ರೆಸಾರ್ಟುಗಳು ಏಳದಿರುವುದಕ್ಕೆ, ಕ್ಲೈ ಊರಿನ ಹಳೆಯ ಗಾಳಿಗಿರಣಿಯಿಂದ ಸಮುದ್ರದವರೆಗೆ ಜೊಂಡು ಮಾತ್ರ ಕಾಣುವುದಕ್ಕೆ ಇವು ಕಾರಣ. ಆ ಜೊಂಡಿನ ಮೇಲೆ ತಗ್ಗಿನಲ್ಲಿ ರೆಕ್ಕೆ ಬಿಚ್ಚಿ ತೇಲುವ ಮಾರ್ಷ್ ಹ್ಯಾರಿಯರ್ ಎಂಬ ಗಿಡುಗ 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಒಂದೇ ಒಂದು ಜೋಡಿ ಗೂಡು ಕಟ್ಟುವ ಸ್ಥಿತಿಗೆ ಇಳಿದಿತ್ತು. ಈಗ ಕ್ಲೈನಲ್ಲಿ ಒಂದು ಗಂಟೆ ಕೂತರೆ ಅದನ್ನು ಕಾಣದೆ ಎದ್ದು ಬರುವುದು ಅಪರೂಪ.

ಆರು ತಿಂಗಳ ವೀಸಾದಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋದಾಗ, ಬ್ಲೇಕ್ನಿಯ ಧಕ್ಕೆಯಲ್ಲಿ ದೋಣಿಗಳೆಲ್ಲ ಕೆಸರಿನಲ್ಲಿ ಮಗ್ಗುಲಾಗಿ ಮಲಗಿದ್ದನ್ನು ಕಂಡು ಅವರು ಕೇಳಿದರು: "ಅಲ್ವೋ, ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡು ಬಂದೆ, ಇಲ್ಲಿ ನೀರೇ ಇಲ್ವಲ್ಲೋ!"

"ಮಧ್ಯಾಹ್ನದ ಮೇಲೆ ಬರುತ್ತಮ್ಮ" ಎಂದೆ. ಬಂತು. ಮೊದಲು ಕಾಲುವೆಯ ತಳದಲ್ಲಿ ಒಂದು ನೊರೆಯ ಗೆರೆ, ಆಮೇಲೆ ಕೆಸರಿನ ಸಣ್ಣ ಸಣ್ಣ ಬಿರುಕುಗಳಲ್ಲೆಲ್ಲ ಒಳನುಗ್ಗುವ ನೀರು, ನೋಡುನೋಡುತ್ತಿದ್ದಂತೆ ದೋಣಿಗಳು ಒಂದೊಂದಾಗಿ ನೆಟ್ಟಗಾದವು. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಪ್ರತಿದಿನ ಉಬ್ಬರದ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಪ್ರತಿ ಕಾಟೇಜಿನಲ್ಲೂ ಉಬ್ಬರವಿಳಿತದ ವೇಳಾಪಟ್ಟಿಯ ಪುಟ್ಟ ಪುಸ್ತಕವಿರುತ್ತದೆ. ಪಂಚಾಂಗ ನೋಡಿ ಅಭ್ಯಾಸವಿರುವ ಅಮ್ಮನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ: ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಗಳಲ್ಲಿ ದೊಡ್ಡ ಉಬ್ಬರ, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಇದು ಕುತೂಹಲಕ್ಕೆ ಮಾತ್ರ ತಿಳಿದಿರಬೇಕಾದ ವಿಷಯವಲ್ಲ. ವೆಲ್ಸ್‌ನ ಕಡಲತೀರ ಇಳಿತದಲ್ಲಿ ಬಹುದೂರ ಬಯಲಾಗುತ್ತದೆ. ಆಚೆಯ ಮರಳದಿಬ್ಬದ ಮೇಲೆ ಮಕ್ಕಳು ಆಡುತ್ತಿರುವಾಗಲೇ ಹಿಂದಿನ ತಗ್ಗಿನಲ್ಲಿ ನೀರು ತುಂಬಿ ದಾರಿ ಮುಚ್ಚಿಹೋಗುತ್ತದೆ. ಅದಕ್ಕಾಗಿಯೇ ಅಲ್ಲಿ ನೀರು ಏರತೊಡಗಿದಾಗ ಸೈರನ್ ಊದುತ್ತಾರೆ. ಅದು ಕೇಳಿದ ಮೇಲೆ ಇನ್ನೊಂದು ಫೋಟೋ ತೆಗೆಯುತ್ತ ನಿಲ್ಲಬಾರದು.

ಮಾರ್ಸ್ಟನ್‌ನಿಂದ ಸೀಲ್ ಎಂಬ ಕಡಲ ಸಸ್ತನಿಗಳನ್ನು ನೋಡಲು ಹೋಗುವ ದೋಣಿಗಳೂ ಉಬ್ಬರದ ಹೊತ್ತಿಗೆ ಮಾತ್ರ ಹೊರಡುತ್ತವೆ, ಹಾಗಾಗಿ ಇವತ್ತಿನ ಸಮಯ ನಾಳೆಗಿಲ್ಲ. ಬ್ಲೇಕ್ನಿ ಪಾಯಿಂಟ್‌ನಲ್ಲಿ ಎರಡು ಜಾತಿಯ ಸೀಲ್‌ಗಳಿವೆ: ಕಾಮನ್ ಸೀಲ್ ಬೇಸಿಗೆಯಲ್ಲಿ ಮರಿ ಹಾಕುತ್ತದೆ, ಗ್ರೇ ಸೀಲ್ ನವೆಂಬರ್‌ನಿಂದ ಜನವರಿಯವರೆಗೆ. ಇಲ್ಲಿ 2001ರಲ್ಲಿ ಎಣಿಸಿದ ಗ್ರೇ ಸೀಲ್ ಮರಿಗಳು 25. ಈಗ ಪ್ರತಿ ಚಳಿಗಾಲದಲ್ಲಿ ಸಾವಿರಗಟ್ಟಲೆ. ಬಿಳಿಯ ತುಪ್ಪಳದೊಂದಿಗೆ ಹುಟ್ಟುವ ಮರಿಗೆ ತಾಯಿ ಹಾಲುಣಿಸುವುದು ಮೂರು ವಾರಕ್ಕಿಂತ ಹೆಚ್ಚಿಲ್ಲ. ಆ ಹಾಲಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ಅಷ್ಟರಲ್ಲಿ ಮರಿಯ ತೂಕ ಮೂರು ಪಟ್ಟಾಗುತ್ತದೆ. ಆಮೇಲೆ ತಾಯಿ ಅದನ್ನು ಮರಳಿನ ಮೇಲೆ ಬಿಟ್ಟು ಸಮುದ್ರಕ್ಕೆ ಹೋಗಿಬಿಡುತ್ತದೆ. ಮರಿಗಳ ಕಾಲದಲ್ಲಿ ಜನರು ಪಾಯಿಂಟ್‌ನ ತುದಿಗೆ ನಡೆದು ಹೋಗದಂತೆ ನಿರ್ಬಂಧವಿರುತ್ತದೆ, ದೋಣಿಯಿಂದಲೇ ನೋಡಬೇಕು. ನೋಡುವುದಕ್ಕಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಕೊಳೆತ ಮೀನಿನ ಆ ವಾಸನೆಯನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಪ್ರಶಾಂತತೆ ಎಂದೆನಾದರೂ ಈ ಕರಾವಳಿ ಮೌನವಾಗಿರುವುದು ಕಡಿಮೆ. ಶರತ್ಕಾಲದಲ್ಲಿ ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್‌ಗಳಿಂದ ಗುಲಾಬಿ ಕಾಲಿನ ಹೆಬ್ಬಾತುಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಇಳಿಯುತ್ತವೆ. ರಾತ್ರಿ ಕಡಲಂಚಿನ ಕೆಸರು ಬಯಲಿನಲ್ಲಿ ತಂಗಿ, ನಸುಕಿನಲ್ಲಿ ಒಳನಾಡಿನ ಹೊಲಗಳಿಗೆ ಹಾರುತ್ತವೆ. ಸಕ್ಕರೆ ಬೀಟ್ ಕಿತ್ತ ಮೇಲೆ ಹೊಲದಲ್ಲಿ ಉಳಿಯುವ ತಲೆಭಾಗ ಮತ್ತು ಎಲೆ ಅವುಗಳ ಆಹಾರ. ಹಕ್ಕಿಗಳಿಗೆ ಅನುಕೂಲವಾಗಲೆಂದು ಆ ಉಳಿಕೆಯನ್ನು ಉಳುಮೆ ಮಾಡದೆ ಕೆಲಕಾಲ ಬಿಡುವ ರೈತರಿದ್ದಾರೆ. ಸಂಜೆ ಕತ್ತಲಾಗುವ ಮುನ್ನ ಅವು ಗುಂಪುಗುಂಪಾಗಿ ವಾಪಸು ಬರುವಾಗ ಏಳುವ ಗದ್ದಲ, ಸಂತೆ ಮುಗಿಸಿ ಒಂದೇ ಲಾರಿಯಲ್ಲಿ ಊರಿಗೆ ಹೊರಟವರೆಲ್ಲ ಒಟ್ಟಿಗೆ ಮಾತಾಡಿದಂತಿರುತ್ತದೆ. ವೆಲ್ಸ್ ಪಕ್ಕದ ಹೋಕಮ್‌ನಲ್ಲಿ, 19ನೆಯ ಶತಮಾನದಲ್ಲಿ ಮರಳದಿಬ್ಬಗಳನ್ನು ಹಿಡಿದಿಡಲು ನೆಟ್ಟ ಪೈನ್ ಮರಗಳ ಅಂಚಿನಲ್ಲಿ ನಿಂತು ಇದನ್ನು ನೋಡಬೇಕು.

ಊಟದ ವಿಷಯಕ್ಕೆ ಬಂದರೆ, ಜುಲೈ ಆಗಸ್ಟ್‌ಗಳಲ್ಲಿ ಹೋದವರು ಸ್ಯಾಂಫೈರ್ ತಿನ್ನದೆ ಬರಬಾರದು. ಉಪ್ಪುಜೌಗಿನ ಕೆಸರಿನಲ್ಲಿ ಬೆಳೆಯುವ, ಎಲೆಯೇ ಇಲ್ಲದಂತೆ ಕಾಣುವ, ಗಂಟುಗಂಟಾದ ಹಸಿರು ಕಡ್ಡಿಯ ಗಿಡ ಅದು. ಮನೆಯ ಮುಂದಿನ ಮೇಜಿನ ಮೇಲೆ ಚೀಲಗಳಲ್ಲಿ ಇಟ್ಟಿರುತ್ತಾರೆ, ಪಕ್ಕದಲ್ಲಿ ಹಣ ಹಾಕಲು ಒಂದು ಡಬ್ಬಿ; ಮಾರುವವರು ಇರುವುದಿಲ್ಲ. ಉಪ್ಪು ಹಾಕದ ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿ, ಬೆಣ್ಣೆ ಸವರಿ, ಬುಡ ಹಿಡಿದು ಹಲ್ಲಿನ ನಡುವೆ ಎಳೆದರೆ ತಿರುಳು ಬಾಯಿಗೆ ಬಂದು ನಾರು ಕೈಯಲ್ಲಿ ಉಳಿಯುತ್ತದೆ. ಅಮ್ಮ ಎಳೆಯ ತುದಿಗಳನ್ನಷ್ಟೇ ಮುರಿದುಕೊಂಡು, ನಮ್ಮ ಬಾಟಲಿಯ ಒಗ್ಗರಣೆ ಮತ್ತು ತೆಂಗಿನತುರಿ ಹಾಕಿ ಪಲ್ಯ ಮಾಡಿದರು. ಉಪ್ಪು ಹಾಕುವುದೇ ಬೇಡದ ಪಲ್ಯ ಎಂದು ಅವರಿಗೆ ಆಶ್ಚರ್ಯ. ಕ್ರೋಮರ್‌ನ ಏಡಿಯೂ ಪ್ರಸಿದ್ಧ. ತೀರದಾಚೆ ನೀರಿನಡಿ ಇರುವ ಚಾಕ್ ಬಂಡೆಗಳಲ್ಲಿ ಸಿಗುವ ಈ ಏಡಿಯ ಮಾಂಸವನ್ನು ಬಿಡಿಸಿ, ಬಿಳಿಯದನ್ನೂ ಕಂದುಬಣ್ಣದ್ದನ್ನೂ ಅದರದೇ ಚಿಪ್ಪಿನಲ್ಲಿ ಬೇರೆಬೇರೆಯಾಗಿ ತುಂಬಿ ಮಾರುತ್ತಾರೆ. ನಮ್ಮ ಮನೆಯಲ್ಲಿ ತಿನ್ನುವವನು ನಾನೊಬ್ಬನೇ ಆದ್ದರಿಂದ ಹಂಚಿಕೊಳ್ಳುವ ತಾಪತ್ರಯವಿಲ್ಲ.

ಈ ತಣ್ಣನೆಯ ನೀರು ಏನು ಮಾಡಬಲ್ಲದು ಎಂಬುದರ ಗುರುತು ವೆಲ್ಸ್‌ನ ಧಕ್ಕೆಯ ಎದುರಿನ ಹಳೆಯ ಕಣಜದ ಗೋಡೆಯ ಮೇಲಿದೆ. 1953, 1978, 2013ರ ಪ್ರವಾಹಗಳಲ್ಲಿ ನೀರು ನಿಂತ ಮಟ್ಟವನ್ನು ಅಲ್ಲಿ ಗುರುತಿಸಿದ್ದಾರೆ. 1953ರ ಜನವರಿ 31ರ ರಾತ್ರಿ ದೊಡ್ಡ ಉಬ್ಬರ ಮತ್ತು ಉತ್ತರದ ಬಿರುಗಾಳಿ ಕೂಡಿಬಂದು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307 ಜನ ಸತ್ತರು. ಅದೇ ನೀರು ನೆದರ್‌ಲ್ಯಾಂಡ್ಸ್‌ನಲ್ಲಿ 1800ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2013ರ ಡಿಸೆಂಬರ್ 5ರಂದು ಮತ್ತೆ ಅಂಥದೇ ಉಬ್ಬರ ಬಂದಾಗ ಮುನ್ಸೂಚನೆಯ ವ್ಯವಸ್ಥೆ ಇತ್ತು, ಜನರನ್ನು ಮೊದಲೇ ಎಬ್ಬಿಸಿ ಕಳುಹಿಸಿದ್ದರು. ಕ್ಲೈನ ಉರುಟುಗಲ್ಲಿನ ದಿಬ್ಬ ಮಾತ್ರ ಒಡೆದು ಉಪ್ಪುನೀರು ಸಿಹಿನೀರಿನ ಜೌಗಿಗೆ ನುಗ್ಗಿತು. ಒಡ್ಡು ಕಟ್ಟಿ ನೆಲ ಗೆದ್ದವರ ಕಾಲ ಮುಗಿದಿದೆ. ಈಗ ಎಲ್ಲಿ ಸಮುದ್ರವನ್ನು ತಡೆಯಬೇಕು, ಎಲ್ಲಿ ಒಳಗೆ ಬಿಟ್ಟುಕೊಳ್ಳಬೇಕು ಎಂಬುದೇ ಇಲ್ಲಿನವರ ಚರ್ಚೆ.

ಇನ್ನೊಂದು ಚರ್ಚೆ ಮನೆಗಳದು. ನವೆಂಬರ್‌ನ ಸಂಜೆ ಈ ಊರುಗಳ ಬೀದಿಯಲ್ಲಿ ನಡೆದರೆ ದೀಪವಿಲ್ಲದ ಕಿಟಕಿಗಳೇ ಹೆಚ್ಚು ಕಾಣುತ್ತವೆ. ಕೆಲವು ನಾವು ಹಿಡಿಯುವಂಥ ಬಾಡಿಗೆಯ ಕಾಟೇಜುಗಳು, ಕೆಲವು ಲಂಡನ್ನಿನ ಕಡೆಯವರು ವರ್ಷಕ್ಕೆ ಕೆಲವು ವಾರ ಬಂದುಹೋಗುವ ಎರಡನೆಯ ಮನೆಗಳು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ: ಬಾಡಿಗೆಯ ಮನೆಗೆ ವಾರವಾರ ಬರುವವರು ಬೇಕರಿಗೆ, ಪಬ್ಬಿಗೆ, ದೋಣಿಗೆ ಹಣ ಕೊಡುತ್ತಾರೆ, ಬೀಗ ಹಾಕಿದ ಮನೆ ಯಾರಿಗೂ ಏನನ್ನೂ ಕೊಡುವುದಿಲ್ಲ. ಆದರೂ ಊರಿನ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳು ಇವೆರಡೂ ಅಲ್ಲ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಊರಿನವರು 2016ರಲ್ಲಿ, ಹೊಸದಾಗಿ ಕಟ್ಟುವ ಮನೆಗಳು ಕಾಯಂ ವಾಸಕ್ಕೇ ಇರಬೇಕೆಂದು ಮತ ಹಾಕಿದರು. ನಾರ್ಫೋಕ್‌ನ ಬರ್ನಮ್ ಮಾರ್ಕೆಟ್ ಊರು 2023ರಲ್ಲಿ ಅದೇ ದಾರಿ ಹಿಡಿಯಿತು. 2025ರ ಏಪ್ರಿಲ್‌ನಿಂದ ಎರಡನೆಯ ಮನೆಗಳ ಕೌನ್ಸಿಲ್ ತೆರಿಗೆಯನ್ನು ಇಮ್ಮಡಿಯವರೆಗೆ ಏರಿಸುವ ಅಧಿಕಾರ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗಿದೆ, ರಜಾ ಬಾಡಿಗೆಯ ಮಾಲೀಕರಿಗಿದ್ದ ವಿಶೇಷ ತೆರಿಗೆ ಸೌಲಭ್ಯವೂ ಅದೇ ತಿಂಗಳು ರದ್ದಾಯಿತು. ಒಮ್ಮೆ ನಾವು ಶನಿವಾರ ಬೆಳಗ್ಗೆ ಸಾಮಾನು ಕಟ್ಟುತ್ತಿರುವಾಗ, ಮುಂದಿನ ಬಾಡಿಗೆದಾರರಿಗಾಗಿ ಮನೆ ಸ್ವಚ್ಛಗೊಳಿಸಲು ಬಂದ ಹೆಂಗಸು ಹಾಸಿಗೆಯ ಬಟ್ಟೆಗಳ ಗಂಟನ್ನು ಕಾರಿನಿಂದ ಇಳಿಸುತ್ತ ಮಾತಿಗೆ ಸಿಕ್ಕರು. ತಾವು ಹುಟ್ಟಿದ್ದು ಇದೇ ಬೀದಿಯಲ್ಲಿ, ಈಗ ಇರುವುದು ಒಳನಾಡಿನ ಫೇಕನಮ್‌ನಲ್ಲಿ ಎಂದರು. ದೂರಿನ ಧಾಟಿ ಅವರ ಮಾತಿನಲ್ಲಿರಲಿಲ್ಲ. ಹತ್ತರಿಂದ ನಾಲ್ಕರೊಳಗೆ ಇನ್ನೂ ಎರಡು ಮನೆ ಮುಗಿಸಬೇಕು ಎಂದು ಒಳಗೆ ಹೋದರು.

ಹೋಗುವ ಮನಸ್ಸಿರುವವರಿಗೆ ನನ್ನ ಸಲಹೆ ಆಗಸ್ಟ್ ಬಿಟ್ಟು ಬೇರೆ ಯಾವ ತಿಂಗಳಾದರೂ ಆಗಬಹುದು ಎಂಬುದು. ಆಗಸ್ಟ್‌ನಲ್ಲಿ ಎ149ರಲ್ಲಿ ಎದುರುಬದುರಾದ ಕಾರುಗಳು ಒಂದಕ್ಕೊಂದು ದಾರಿ ಬಿಡುವುದರಲ್ಲೇ ಹೊತ್ತು ಹೋಗುತ್ತದೆ. ಮಳೆ ಚಳಿಗೆ ಅಂಜದವರಿಗೆ ನವೆಂಬರ್ ಒಳ್ಳೆಯದು. ಬಾಡಿಗೆ ಇಳಿದಿರುತ್ತದೆ, ಮೂರು ನಾಲ್ಕು ದಿನಕ್ಕೂ ಮನೆ ಸಿಗುತ್ತದೆ, ಹೆಬ್ಬಾತುಗಳೂ ಸೀಲ್ ಮರಿಗಳೂ ಒಟ್ಟಿಗೆ ಇರುತ್ತವೆ. ಕಾರಿಲ್ಲದವರು ನಾರಿಚ್‌ನಿಂದ ಶೆರಿಂಗಮ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಕೋಸ್ಟ್‌ಹಾಪರ್ ಬಸ್ಸು ಹಿಡಿಯಬಹುದು. ಒಂದು ಊರಿನಲ್ಲಿ ಇಳಿದು ಕರಾವಳಿಯ ಕಾಲುದಾರಿಯಲ್ಲಿ ನಡೆದು ಇನ್ನೊಂದು ಊರಿನಲ್ಲಿ ಬಸ್ಸು ಹತ್ತುವ ಸುಖ ಕಾರಿನವರಿಗೆ ಇಲ್ಲ. ಕೊನೆಯ ಬಸ್ಸು ಸಂಜೆ ಬೇಗನೆ ಹೋಗುತ್ತದೆ, ಪಬ್ಬಿನ ಅಡುಗೆಮನೆಯೂ ಬೇಗ ಮುಚ್ಚುತ್ತದೆ, ಆದ್ದರಿಂದ ಅಕ್ಕಿ ಮತ್ತು ಸಾರಿನ ಪುಡಿ ಚೀಲದಲ್ಲಿರಲಿ.